ಮುಂದ ನಾನು, ಟೆಂಪೋದಾಗ ಪೂನಂ

ಫೆಬ್ರವರಿ ೩, ಬೆಳಿಗ್ಗೆ. ಹುಮನಾಬಾದ

ಮತ್ತ ಹವಾ ಸೋರ್ತು. ಟ್ರಂಪೆಟ್ ತುಟಿಗೆ ಹಚ್ಚಿದ್ರ ಸಾಕು, ಕಟ್ಟಿಸಿದ ಹಲ್ಲು ಅಲ್ಲಾಡತದ. ಷಡ್ಜ ನಿಲ್ಲಂಗಿಲ್ಲ. ಹರೇದಿಂದ ಯಮನ, ಭೂಪ ರಾಗ ಊದ್ಕೊಂತ ಬಂದ ಬಾಯಿ ಇದು... ಮುಂದಿನ ಎರಡು ಹಲ್ಲಿಗೆ ಇಷ್ಟು ಸೊಕ್ಕೇನು?

ಧೂಳಮ್ಮ ಒಳಗಿಂದ, "ಸಾಕ್ ಮಾಡ್ರಿ, ಚಾ ಆರಾಕತ್ತದ" ಅಂದಳು. ಹೆಂಡತಿ ಮ್ಯಾಲ ಸುಮ್ನ ಒದರಿದೆ. ಚಾ ಬ್ಯಾಡಂದೆ. ಆಮ್ಯಾಲ ಕುಡದೆ.

ಫೆ. ೪

ಪೂನಂ ಕೊಡಂಬಲದಿಂದ ಬಸ್ಸಿಗೆ ಬಂದಳು. ಡಿಗ್ರಿ ಮುಗಿಸಿದಾಕಿ. ಟ್ರಂಪೆಟ್ಟಿನ ಗುಂಡಿ ಅರ್ಧಾ ಒತ್ತಿ, ಸ್ವರಾ ಜಾರಿಸಿ ಮೀಂಡ ತೆಗೆಯೂದು ನನ್ನ ಶಿಷ್ಯರೊಳಗ ಆಕಿಗೊಬ್ಬಾಕಿಗೇ ಬಂತು. ಇವತ್ತು ಯಮನ ಊದಿದಳು. ಶಾಬಾಸ್ ಅನಬೇಕಿತ್ತು, ಇನ್ನೊಮ್ಮೆ ಊದು ಅಂದೆ. ಇಷ್ಟು ಕಲ್ತಾಕಿನ್ನ ಇನ್ನೂ ನಾಲ್ಕು ಮಂದಿ ಕೇಳಿಲ್ಲ. ಯಾವ ಬ್ಯಾಂಡಿನವನೂ ಕರೆಯಂಗಿಲ್ಲ.

ಫೆ. ೬, ಮಧ್ಯಾಹ್ನ

ಬ್ಯಾಂಡ್ ಕಂಪನಿ ಮಾಲಕ ಸತೀಶಕುಮಾರ ಬಂದಿದ್ದ.

"ಮಾಸ್ತರ್, ಬಸವಕಲ್ಯಾಣದಾಗ ಮದುವಿ ಅದರಿ. ವರನ ಅಜ್ಜಿ ನಿಮ್ಮ ಟ್ರಂಪೆಟ್ಟೇ ಬೇಕಂತಾರ."

"ಹಲ್ಲು ಹೋಗ್ಯಾವಪ್ಪಾ."

"ಊದಬ್ಯಾಡ್ರಿ. ಮುಂದ ನಿಂದರ್ರಿ. ಡಮ್ಮಿ."

ಡಮ್ಮಿ! ಬ್ಯಾಂಡು ದೊಡ್ಡದು ಕಾಣಲಿ ಅಂತ ಊದಾಕ ಬರಲಾರದವರಿಗೆ ಡ್ರೆಸ್ ಹಾಕಿ ನಿಲ್ಲಸ್ತಾರ. ಅಪಸ್ವರ ಹೊಂಡಬಾರದಂತ ಅವರ ಮೌತ್‌ಪೀಸ್, ತುಟಿಗೆ ಹಚ್ಚೂ ತುಂಡು, ಮದಲೇ ತೆಕ್ಕೋತಾರ. ಗಲ್ಲ ಉಬ್ಬಿಸೂದು ಅಷ್ಟೇ ಕೆಲಸ. ನಾನು ಡಮ್ಮಿ?

ಮತ್ತ ಊದೋರು ಯಾರಂದೆ. "ನಿಮ್ಮ ಪೂನಂ. ಟೆಂಪೋದಾಗ, ಪರದೆ ಹಿಂದ, ಮೈಕ್ ಹಚ್ಚಿ. ಹುಡುಗಿ ಮುಂದ ನಿಂತ್ರ ಬೀಗರು ಏನಂತಾರ್ರಿ? ಬ್ಯಾಡಂದ್ರ ಬಿಡ್ರಿ, ಕೀಬೋರ್ಡಿನವನ್ನ ಕರೀತೀನಿ."

ನಾಚಿಕಿ ಅನ್ನೂದು ಬಿಲ್ಕುಲ್ ಇಲ್ಲ. ಹೊರಗ ಹೋಗು ಅಂದೆ.

ಫೆ. ೭

ಪೂನಂ ಎಲ್ಲಿಂದೋ ಕೇಳ್ಯಾಳ. "ಹೂಂ ಅನ್ರಿ ಸರ್. ಮಂದಿ ಮುಂದ ಊದೂದು ಸಿಕ್ರ ಸಾಕು."

"ಮಂದಿ ಮುಂದ ಅಲ್ಲಬೇ, ಪರದೆ ಹಿಂದ!"

"ಹಿಂದ ಆದ್ರ ಹಿಂದ. ಮನ್ಯಾಗ ಗ್ವಾಡಿಗೆ ಊದಿ ಸಾಕಾಗ್ಯದರಿ."

ಹೂಂ ಅಂದೆ. ಸತೀಶಕುಮಾರಗ ಫೋನ್ ಹಚ್ಚಿದೆ.

ಫೆ. ೧೬, ಬಸವಕಲ್ಯಾಣ. ಊಟ ಆದ ಮ್ಯಾಲ, ಮಂಟಪದ ಕಟ್ಟಿ ಮ್ಯಾಲ ಕುಂತು

ಬರೀಲಾರದೇ ಇರಾಕ ಆಗವಲ್ದು.

ಮುಂಜಾನೆ ಸತೀಶಕುಮಾರ ಎಲ್ಲಾ ಡಮ್ಮಿಗಳ ಮೌತ್‌ಪೀಸ್ ಕಿಸೇಕ ಹಾಕ್ಕೊಂಡ. ನನ್ನ ಮುಂದ ಬಂದೂ ಕೈ ಚಾಚಿದ. ನನ್ನ ಮುಂದ! ಕೊಟ್ಟೆ.

ಮೆರವಣಿಗಿ ಹೊಂಟಿತು. ಹಿಂದಿನ ಟೆಂಪೋದಿಂದ ಯಮನ. ಏನು ದಮ್ಮು, ಏನು ಮಿಠಾಸ! ನಾ ಬರೇ ಗುಂಡಿ ಒತ್ಕೋತ ಗಲ್ಲ ಉಬ್ಬಿಸ್ದೆ. ಮಂದಿ ನನಗ ವ್ಹಾ ವ್ಹಾ ಅಂದ್ರು, ಕೊರಳಾಗ ಮಾಲಿ ಹಾಕಿದ್ರು. ಸುಡ್ಲಿ ಆ ಮಾಲಿ. ಆಕಿ ಉಸುರು, ನನ್ನ ಕೊರಳಿಗೆ ಮಾಲಿ!

ಅಷ್ಟೊತ್ತಿಗೆ ವರನ ಅಜ್ಜಿ ರುಕ್ಮಿಣಿಬಾಯಿ ಪೇಡೆ ಡಬ್ಬಿ ಹಿಡ್ಕೊಂಡು ಬಂದ್ರು. ಊದೋರ ಬಾಯಿ ಸಿಹಿ ಮಾಡೂದು ಅವರ ಮನಿ ಪದ್ಧತಿ. "ಬಾಯಿ ತೆರೀರಿ ಮಾಸ್ತರ್." ಸತೀಶಕುಮಾರ ಹಿಂದಿಂದ ಕಣ್ಣು ಬಿಡಾಕತ್ತಿದ್ದ, ರಾಗ ಮುಗೀಲಿ, ತಡೀರಿ ಅಂತ.

ಯಾಕ ತಡೀಬೇಕು? ಟ್ರಂಪೆಟ್ ಬಗಲಾಗ ಇಟ್ಟೆ. ಬೇಕಂತಲೇ ಅಗಲ ಬಾಯಿ ತೆರೆದೆ.

ನನ್ನ ಬಾಯಿ ತುಂಬ ಪೇಡೆ. ಯಮನ ಮಾತ್ರ ನಡದೇ ಅದ.

ಕುಣಿಯೋರು ನಿಂತ್ರು. ಮುದುಕಿ ನನ್ನ ಮಾರಿ ನೋಡಿದಳು, ಟ್ರಂಪೆಟ್ ನೋಡಿದಳು. "ಅಯ್ಯ! ಮತ್ತ ಇದು ಯಾರು ಊದಾಕತ್ತಾರ?" ನಾ ಟೆಂಪೋ ಕಡೆ ಕೈ ಮಾಡ್ದೆ. ಸೀದಾ ಹೋಗಿ ಪರದೆ ಜಗ್ಗಿದಳು. ಪೂನಂ ಕಣ್ಣು ಮುಚ್ಚಿ ಊದಾಕತ್ತಿದ್ದಳು.

"ಇಳಿಯವ್ವಾ. ಮುಂದ ಬಾ." ಪೇಡೆ ಆಕಿ ಬಾಯಿಗೂ ಬಿತ್ತು. ಮಂಟಪದ ತನಕ ಆಕಿನೇ ಮುಂದ. ನಾ ಕಣ್ಣು ಒರಿಸ್ಕೋತ ಹಿಂದ ನಡದೆ.

ಫೆ. ೧೭

ಸತೀಶಕುಮಾರ ಫೋನಿನ್ಯಾಗ ಬಾಯಿಗೆ ಬಂದಂಗ ಬೈದ. ನಾ ಕಂಪನಿ ಇಜ್ಜತ್ ತೆಗೆದೆನಂತ. ಇಜ್ಜತ್ ಇದ್ದರ ಅಲ್ಲೇನು ತೆಗೆಯೂದು?

ಫೆ. ೨೭, ಸಂಜೆ

ಅದೇ ಸತೀಶಕುಮಾರ ಮತ್ತ ಫೋನ್ ಮಾಡಿದ. ಹಳ್ಳಿಖೇಡದ ಮದುವಿಯವರಿಗೆ ಪೂನಂನೇ ಬೇಕಂತ. ಮುಂದ, ಮೌತ್‌ಪೀಸ್ ಸಮೇತ. ನಾನು? "ನೀವು ಬರಬ್ಯಾಡ್ರಿ ಮಾಸ್ತರ್." ಡಮ್ಮಿನೂ ಆಗಬಾರದಂತ! ಲಫಂಗ. ಎಷ್ಟು ಸೊಕ್ಕು. ಧೂಳಮ್ಮ ನಗಾಕತ್ತಾಳ. "ನಿಮ್ಮ ಮಾರಿ ನೋಡ್ಕೋರಿ, ಸಿಟ್ಟು ಬಂದವರಂಗ ಇಲ್ಲ."

ಸಿಟ್ಟು ಬಂದದ. ಯಾಕ ಬರಬಾರದು? ಇಷ್ಟು ವರ್ಷ ಊದಿ ಕಡೀಕ ಮನ್ಯಾಗ ಕುಂದರೂದು ಅಂದ್ರ... ಅಂಗಳದಾಗ ಪೂನಂ ರಿಯಾಜ್ ಮಾಡಾಕತ್ತಾಳ. ಮಧ್ಯಮ ಸ್ವರ ಜರಾ ಇಳಿದದ. ಹಳ್ಳಿಖೇಡದಾಗ ಹಿಂಗ ಊದಿದ್ರ ಮಂದಿ ಏನಂದಾರು, ಇವಳ ಮಾಸ್ತರ್ ಯಾವ—

ಮತ್ತ ಇಳೀತು. ತಡಿ, ಬಂದೆ—