ಶಿಬಿರದ ಮೈಕ್‌ನಲ್ಲಿ ನನ್ನ ನಾಲಿಗೆಗೆ ತೀರ್ಪು ಕೊಟ್ಟವರಿಗೆ

ಆರೋಗ್ಯ ತಪಾಸಣಾ ಶಿಬಿರದ ಮಾನ್ಯ ವೈದ್ಯಾಧಿಕಾರಿಗಳೇ,

ನನಗಿಲ್ಲದ ಕ್ಯಾನ್ಸರನ್ನು ತಾವು ಮೂವತ್ತು ಹೆಂಗಸರ ಮುಂದೆ ಮೈಕ್ ಹಿಡಿದು ಘೋಷಿಸಿದಿರಿ. ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇದ್ದಿದ್ದರೆ ಈ ಕಾಗದವನ್ನು ಹೀಗೆ ಎಲ್ಲರೂ ಓದುವಂತೆ ಬಹಿರಂಗವಾಗಿ ಬರೆಯದೆ ತಮ್ಮೊಬ್ಬರಿಗೇ ಅಂಚೆಯಲ್ಲಿ ಹಾಕುತ್ತಿದ್ದೆ.

ತಮಗೆ ನೆನಪಿರಲಾರದು. ಬಂಗಾರಪೇಟೆ ಕಡೆಯ ನಮ್ಮ ಮಹಿಳಾ ಹಾಲಿನ ಸಂಘದವರನ್ನೆಲ್ಲ ಟೆಂಪೊದಲ್ಲಿ ತುಂಬಿಸಿ ಗಣಿ ಊರು ಕೋರಮಂಡಲ್‌ನ ಶಿಬಿರಕ್ಕೆ ಕರೆಸಿದ್ದಿರಿ. ನನ್ನ ನಾಲಿಗೆಯ ಹಿಂಬದಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟಿತ್ತು. ನೋವಿಲ್ಲ, ಹುಣ್ಣಿಲ್ಲ, ಎರಡು ವರ್ಷದಿಂದ ನಿಧಾನವಾಗಿ ಬೆಳೆದದ್ದು. ಎಲೆ ಅಡಿಕೆ ಹಾಕುತ್ತೀಯಾ ಎಂದು ಕೇಳಿದಿರಿ. ಮದುವೆ ಮನೆಯಲ್ಲಿ ತಾಂಬೂಲ ಕೊಟ್ಟರೆ ಬೇಡವೆನ್ನುವ ಮುತ್ತೈದೆ ನಮ್ಮೂರಲ್ಲಿ ಯಾರಿದ್ದಾರೆ? ಹೌದು ಎಂದೆ. ನಾನು ಎಂದೂ ಮುಟ್ಟದ್ದನ್ನು ತಾವು “ಹೊಗೆಸೊಪ್ಪು, ಇಪ್ಪತ್ತು ವರ್ಷ” ಎಂದು ಬರೆದುಕೊಂಡಿರಿ. ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಿರಾ? ಚೂರು ತೆಗೆದು ಪರೀಕ್ಷೆಗೆ ಕಳಿಸಿದಿರಾ? ಅಷ್ಟೆಲ್ಲ ಪುರುಸೊತ್ತು ತಮಗೆಲ್ಲಿ! ನನ್ನ ಬಾಯಿಗೆ ಟಾರ್ಚ್ ಬಿಟ್ಟು, “ನೋಡ್ರಮ್ಮ, ಹೊಗೆಸೊಪ್ಪು ಹಾಕಿದರೆ ಕ್ಯಾನ್ಸರ್ ಬರೋದು ಹೀಗೆ. ಇನ್ನು ಈ ನಾಲಿಗೆ ಉಳಿಯಲ್ಲ” ಎಂದು ಉಪನ್ಯಾಸ ಕೊಟ್ಟಿರಿ.

ನಾನು ಆಗ ಆ ಸಂಘದ ಹಾಲು ಪರೀಕ್ಷಕಿಯಾಗಿದ್ದೆ. ಯಂತ್ರ ಕೊಬ್ಬಿನಂಶ ಹೇಳುತ್ತದೆ, ಹಾಲು ಹುಳಿಗೆ ತಿರುಗುತ್ತಿದೆ ಎಂದು ಹೇಳುವುದಿಲ್ಲ. ಅದಕ್ಕೆ ಪ್ರತಿ ಕ್ಯಾನಿನ ಹನಿಯೊಂದನ್ನು ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ತಾಗಿಸಿ ನೋಡುತ್ತಿದ್ದೆ. ಮರುದಿನ ಬೆಳಿಗ್ಗೆ ಒಬ್ಬಳೂ ನನ್ನೆದುರು ಕ್ಯಾನಿನ ಮುಚ್ಚಳ ತೆಗೆಯಲಿಲ್ಲ. ಅಧ್ಯಕ್ಷೆ ವೆಂಕಟರತ್ನಮ್ಮ ನನ್ನ ಜಾಗದಲ್ಲಿ ತನ್ನ ಸೊಸೆಯನ್ನು ಕೂರಿಸಿದಳು. ಮನೆಯಲ್ಲಿ ಅತ್ತೆ ಅಮ್ಮಾಜಮ್ಮ ನನ್ನ ತಟ್ಟೆ, ಲೋಟ ಬೇರೆ ಇಟ್ಟರು. ಅದು ಅಂಟುರೋಗವಲ್ಲ ಎಂಬ ಒಂದು ಮಾತು ತಮ್ಮ ಉಪನ್ಯಾಸದಲ್ಲಿ ಇರಲಿಲ್ಲ, ನೋಡಿ.

ಐದು ತಿಂಗಳು ಹೆದರಿ ಮೂಲೆ ಹಿಡಿದಿದ್ದೆ. ಕೊನೆಗೆ ನನ್ನ ತಮ್ಮ ಮುನಿರಾಜ್ ಬೈದು, ಮಾರಿಕುಪ್ಪಂ ರೈಲು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದ. ಅಲ್ಲಿನ ವೈದ್ಯೆ ಗಂಟನ್ನು ಒತ್ತಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಜೊಲ್ಲು ಗ್ರಂಥಿಯ ಗಡ್ಡೆ, ಕ್ಯಾನ್ಸರ್ ಅಲ್ಲವೇ ಅಲ್ಲ ಎಂದರು. ಮರಳಿ ಬೆಳೆಯದಿರಲೆಂದು ಸುತ್ತಲಿನ ಸ್ವಲ್ಪ ಒಳ್ಳೆಯ ಮಾಂಸದ ಸಮೇತ ಬಾಯೊಳಗಿಂದಲೇ ತೆಗೆದು ಹೊಲಿಗೆ ಹಾಕಿದರು. ಎರಡು ವಾರ ಗಂಜಿ ಕುಡಿದೆ. ನಾಲಿಗೆ ಇದೆ, ರುಚಿಯೂ ಇದೆ.

ವರದಿ ಹಿಡಿದು ಸಂಘಕ್ಕೆ ಹೋದರೆ ವೆಂಕಟರತ್ನಮ್ಮ ಅದನ್ನು ಬಿಚ್ಚಿಯೂ ನೋಡಲಿಲ್ಲ.

“ಕಾಗ್ದ ಏನಾರ ಏಳ್ಲಿ ಕಣಮ್ಮ. ಅಷ್ಟ್ ದೊಡ್ಡ ಡಾಕ್ಟ್ರು ಮೈಕ್‌ನಾಗೆ ಏಳವ್ರೆ. ಅವ್ರೇ ಬಂದು ಇಲ್ಲ ಅನ್ಲಿ” ಎಂದಳು.

ಆದ್ದರಿಂದ ಬನ್ನಿ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ, ಹಾಲು ಹಾಕುವ ಹೊತ್ತಿಗೆ. ಅದೇ ಮೂವತ್ತು ಹೆಂಗಸರೆದುರು ನನ್ನ ಬಾಯಿ ನೋಡಿ, “ನಾನು ಅಂದು ಹೇಳಿದ್ದು ತಪ್ಪು” ಎನ್ನಿ. ಗೊಣಗಿದರೆ ಒಪ್ಪುವುದಿಲ್ಲ. ಆಮೇಲೆ ನಾನು ರುಚಿ ನೋಡಿದ ಕ್ಯಾನಿನ ಹಾಲಿನಲ್ಲಿ ಕಾಫಿ ಮಾಡಿಕೊಡುತ್ತೇನೆ. ಎಲ್ಲರೂ ಕಾಣುವಂತೆ ಕುಡಿಯಿರಿ. ಬರದಿದ್ದರೆ ತಮ್ಮ ಪ್ರತಿ ಶಿಬಿರದಲ್ಲೂ ಸಾಲಿನ ಮೊದಲಿಗೆ ನಾನಿರುತ್ತೇನೆ. ತಾವು ಬಾಯಿ ತೆರೆಯುವ ಮುಂಚೆ ನನ್ನ ವರದಿಯನ್ನು ಗಟ್ಟಿಯಾಗಿ, ಕೊನೆಯ ಸಾಲಿನವರೆಗೂ ಓದುತ್ತೇನೆ. ತಮ್ಮ ನಿವೃತ್ತಿಯವರೆಗೂ ಬಿಡುವುದಿಲ್ಲ.

ಇಂತಿ,
ಹನ್ನೊಂದು ವರ್ಷ ಊರಿನ ಹಾಲು ನೋಡಿ, ಈಗ ಅದೇ ಸಂಘದ ಅಂಗಳ ಗುಡಿಸುತ್ತಿರುವ
ಶಶಿರೇಖ