ಅಡ್ಡಿಲ್ಲ

ಮುತ್ತಿನಕೊಪ್ಪ
12-11-2006

ಪ್ರೀತಿಯ ಅಣ್ಣಯ್ಯನಿಗೆ ತಂಗಿ ಮಲ್ಲಿಕಾಳ ನಮಸ್ಕಾರ.

ನಿನ್ನ ಸೊಂಟನೋವು ಹೇಗಿದೆ? ಸಿದ್ದಾಪುರದ ಎಸ್ಟೇಟಿನಲ್ಲಿ ಏಣಿ ಹತ್ತುವುದನ್ನು ನಿಜವಾಗಿ ಬಿಟ್ಟೆಯೋ, ಇಲ್ಲ ಬಿಟ್ಟೆನೆಂದು ಅತ್ತಿಗೆಗೆ ಹೇಳಿ ಹತ್ತುತ್ತಲೇ ಇದ್ದೀಯೋ? ನಿನ್ನ ಹಟ ನನಗೆ ಗೊತ್ತಿಲ್ಲವೇ. ಹೋದ ಕಾಗದದಲ್ಲಿ ನೀನು ನನ್ನ ಅಕ್ಷರ ದುಂಡಗಾಗಿದೆ, ಈಗಲಾದರೂ ಬುದ್ಧಿ ಬಂತಲ್ಲ ಎಂದು ತಮಾಷೆ ಮಾಡಿದ್ದೆ. ಆ ವಿಷಯ ಆಮೇಲೆ. ಇಲ್ಲಿ ನಾವೆಲ್ಲ ಅಡ್ಡಿಲ್ಲ ಎಂದು ಎಂದಿನಂತೆ ಶುರು ಮಾಡುವವಳಿದ್ದೆ, ಆದರೆ ಆ ಮಾತೇ ನನ್ನನ್ನು ಮುಳುಗಿಸಿದೆ.

ಕೇಸು ಮುಗಿಯಿತು, ಅಣ್ಣಯ್ಯ. ನಾವೇ ಗೆದ್ದೆವಂತೆ. ತೋಟದ ಯಜಮಾನ ರೇಣುಕಪ್ಪ ನಮ್ಮ ಕಾಲುದಾರಿಗೆ ಬೇಲಿ ಹಾಕಿದ್ದು, ಸೊಪ್ಪಿನ ಹೊರೆ ಹೊತ್ತು ಬಂದ ನಾನು ಬೇಲಿಯ ಬಾಯಿಗೆ ಅಡ್ಡ ಹಾಕಿದ್ದ ಉಣುಗೋಲು ಸರಿಸಿದ್ದು, ಅವನು ಅದೇ ಕೋಲನ್ನು ಕಿತ್ತು ನನ್ನ ಬಲಗೈ ಮೇಲೆ ಬೀಸಿದ್ದು, ಎಲ್ಲ ರುಜುವಾತಾಯಿತು. ಹನ್ನೊಂದು ಸಲ ಬಸ್ಸು ಹತ್ತಿ ಕೋರ್ಟಿನ ಜಗಲಿಯಲ್ಲಿ ಕೂತು ಬಂದಿದ್ದೇನೆ. ಕಡೆಗೆ ಜಡ್ಜ್ ಸಾಹೇಬರು ಅವನಿಗೆ ದಂಡ ಹಾಕಿ, ಅದರಲ್ಲಿ ಮೂರು ಸಾವಿರ ನನಗೆ ಪರಿಹಾರ ಎಂದರು. ನಿನಗೆ ಹೇಳದೆ ಮುಚ್ಚಿಟ್ಟ ಒಂದು ಮಾತಿದೆ, ಬೈಯಬೇಡ. ಬೆರಳಿನ ನರಕ್ಕೆ ಆಪರೇಷನ್ ಆಗಬೇಕು, ತಡವಾದರೆ ಬೆರಳುಗಳು ಹೀಗೇ ಸೆಟೆದು ನಿಲ್ಲುತ್ತವೆ ಎಂದು ಮಂಗಳೂರಿನ ಡಾಕ್ಟರು ಹೇಳಿ ವರ್ಷವಾಗುತ್ತ ಬಂತು. ಮೂರು ಸಾವಿರ ಅದರ ಔಷಧಿಗೂ ಸಾಲದು.

ಇಷ್ಟೇ ಯಾಕೆ ಎಂದು ಕೇಳುತ್ತೀಯ. ಸಾಕ್ಷಿ ಹೇಳುವ ದಿನ ಸಾಹೇಬರು ಮೆತ್ತಗಿನ ದನಿಯಲ್ಲಿ "ಈಗ ಕೈ ಹೇಗಿದೆಯಮ್ಮ?" ಎಂದು ಕೇಳಿದರು. ಅಷ್ಟು ದೊಡ್ಡವರು ಮರ್ಯಾದೆಯಿಂದ ವಿಚಾರಿಸುವಾಗ ಗೋಳು ತೋಡಿಕೊಳ್ಳುವುದು ಹೇಗೆ? "ಅಡ್ಡಿಲ್ಲ ಸ್ವಾಮಿ" ಅಂದೆ. ಹೇಗಿದ್ದೀ ಎಂದರೆ, ಎಷ್ಟೇ ನೋವಿದ್ದರೂ ನಮ್ಮಲ್ಲಿ ಯಾರು ತಾನೇ ಬೇರೆ ಹೇಳುತ್ತಾರೆ? ಸಾಯುವ ದಿನ ನೀನು ಕೇಳಿದಾಗ ಅಮ್ಮನೂ ಅದನ್ನೇ ಅಂದಿದ್ದಳಲ್ಲ. ಸಾಹೇಬರು ಬಯಲುಸೀಮೆಯವರು, ಟೈಪು ಮಾಡುವವರೂ ಅತ್ತಲವರೇ. ಕೆಲಸ ಮಾಡಲು ಅಡ್ಡಿ ಇಲ್ಲ ಎಂದು ಬರೆದುಕೊಂಡರು. ಓದಿ ಹೇಳಿದಾಗ ನಾನೂ ತಲೆಯಾಡಿಸಿದೆ. ತೀರ್ಪಿನಲ್ಲೂ ಹಾಗೇ ಬಂದಿದೆ: ಕೆಲಸಕ್ಕೆ ಅಡ್ಡಿಯಿಲ್ಲವೆಂದು ಗಾಯಾಳುವೇ ಹೇಳಿರುವುದರಿಂದ ಇಷ್ಟು ಪರಿಹಾರ ಸಾಕು. ಅವರ ತಪ್ಪಲ್ಲ ಬಿಡು, ನಾನು ಹೇಳಿದ್ದನ್ನೇ ಬರೆದರು.

ಉಚಿತ ಕಾನೂನು ನೆರವಿನ ವಕೀಲರು ಮಂಜಯ್ಯ ಎಂದು ಇದ್ದಾರೆ. ತೀರ್ಪು ಓದಿ ತಲೆ ಮೇಲೆ ಕೈ ಹೊತ್ತು ಕೂತರು. "ಎಂತ ಮಾರಾಯ್ತಿ, ಒಂದೇ ಮಾತಲ್ಲಿ ಎಲ್ಲ ಕಳ್ಕಂಡ್ಯಲ್ಲ" ಅಂದರು. ಪರಿಹಾರ ಹೆಚ್ಚಿಸಿ ಎಂದು ಜಿಲ್ಲಾ ಕೋರ್ಟಿಗೆ ಅರ್ಜಿ ಹಾಕಬಹುದಂತೆ. ಡಿಸೆಂಬರ್ ಹದಿನೇಳು ಕಡೆಯ ದಿನ. ಡಾಕ್ಟರ ಸರ್ಟಿಫಿಕೇಟಿನ ಜೊತೆಗೆ ಈ ಕೈ ಮುಂಚೆ ಹೇಗಿತ್ತು, ಈಗ ಹೇಗಿದೆ ಎಂದು ತೋರಿಸುವಂಥದ್ದು ಏನಾದರೂ ಇದ್ದರೆ ತಾ ಎಂದಿದ್ದಾರೆ.

ನಿನ್ನ ಭಾವ ಬಿಟ್ಟುಬಿಡು ಎನ್ನುತ್ತಾರೆ. ನನಗೂ ಸಾಕಾಗಿದೆ. ಮತ್ತೆ ಬಸ್ಸು, ಮತ್ತೆ ಜಗಲಿ, ಮತ್ತೆ ಮೊದಲಿಂದ ಹೇಳು. ಈಗ ಊರೆಲ್ಲ ಅಡಿಕೆ ಸುಲಿಯುತ್ತಿದೆ. ದಿನಕ್ಕೆ ಆರು ಡಬ್ಬ ಸುಲಿಯುತ್ತಿದ್ದ ನಾನು ಸುಲಿಯುವವರ ಸುತ್ತ ಎಡಗೈಯಲ್ಲಿ ಸಿಪ್ಪೆ ಗುಡಿಸುತ್ತೇನೆ. ನನ್ನ ಮೆಟ್ಟುಗತ್ತಿಯ ಮುಂದೆ ಬೇರೆ ಯಾರೋ ಕೂತಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅವರು "ಎಂತ ಮಲ್ಲಿಕಾ, ಕೈ ಅಡ್ಡಿಲ್ವ?" ಎನ್ನುತ್ತಾರೆ. ನಾನು ಮತ್ತೆ ಅದನ್ನೇ ಹೇಳುತ್ತೇನೆ, ಬಾಯಿಗೆ ಬೇರೆ ಬರುವುದಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳ ಕೆನ್ನೆ ಹಿಂಡು. ಏಣಿ ಹತ್ತಬೇಡ.

ನಿನ್ನ ತಂಗಿ,
ಮಲ್ಲಿಕಾ

ತಾ.ಕ.: ಅಣ್ಣಯ್ಯ, ಮೇಲಿನದೆಲ್ಲ ಅಂಗನವಾಡಿಯ ಗುಲಾಬಿ ಟೀಚರ ಅಕ್ಷರ. ನೀನು ಹೊಗಳಿದ್ದೂ ಅವರದ್ದೇ. ಏಟು ಬಿದ್ದ ಮೇಲೆ ಬಂದ ಆರು ಕಾಗದವೂ ಅವರು ಬರೆದವು. ಇದೊಂದು ನಾನು ಬರೆದದ್ದು, ಬಲಗೈಯಲ್ಲೇ. ಅನ್ನಕ್ಕೆ ಇಟ್ಟಾಗ ಕೂತೆ, ಅನ್ನ ಬೆಂದು ಆರಿತು. ಓದಲಾಗದಿದ್ದರೆ ಅತ್ತಿಗೆಗೆ ಕೊಡು. ಅಮ್ಮ ಇದ್ದಾಗ ನಾನು ಬರೆದ ಕಾಗದ ನಿನ್ನ ಟ್ರಂಕಿನಲ್ಲಿ ಇರಬೇಕು. ಅದನ್ನೂ ಇದನ್ನೂ ತಗೊಂಡು ಹದಿನೇಳರೊಳಗೆ ನೀನೇ ಬಾ. ಜಿಲ್ಲಾ ಕೋರ್ಟಿನಲ್ಲಿ ಯಾರಾದರೂ ಕೇಳಿದರೆ ನಾನು ಮತ್ತೆ ಅಡ್ಡಿಲ್ಲ ಅಂದುಬಿಡುತ್ತೇನೆ. ನೀನು ಪಕ್ಕದಲ್ಲಿರು. ಅಡ್ಡಿ ಇದೆ ಅಣ್ಣಯ್ಯ.