ಮಂಗಮ್ಮ ಬಳಿದ ಸುಣ್ಣ

ಕೆ.ಜಿ.ಎಫ್.
14 ನವೆಂಬರ್ 2025

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಸುಧಾಕರನ ವಂದನೆಗಳು. ಭಾವನವರ ಮಂಡಿ ನೋವು ಈಗ ಹೇಗಿದೆ? ಭಾನುವಾರದಿಂದ ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಕ್ಷಮಿಸು. ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಹೇಳೋಣವೆಂದು ಕೂತಿದ್ದೇನೆ.

ಚರ್ಚ್ ಸಭೆಯ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸಿದ ಫೋಟೊ ನೋಡಿ ನೀನು ಹಿಗ್ಗಿದ್ದೀಯ. ಕಲ್ಲರೆ ಹಬ್ಬಕ್ಕೆ ಎಲ್ಲರೂ ತಮ್ಮವರ ಸಮಾಧಿಗೆ ಸುಣ್ಣ ಬಳಿಯುತ್ತಾರಲ್ಲ, ದಿಕ್ಕಿಲ್ಲದವರ ಸಮಾಧಿಗಳೂ ಪ್ರತಿವರ್ಷ ಬೆಳ್ಳಗಾಗುತ್ತಿದ್ದವು. ಅದು ಕಾರ್ಯದರ್ಶಿಯಾದ ನನ್ನ ಕೆಲಸವೇ ಇರಬೇಕೆಂದು ಹೊಸ ಪಾಸ್ಟರ್ ಅಯ್ಯನವರು ವೇದಿಕೆಯ ಮೇಲೆ ನನ್ನನ್ನು ಹೊಗಳಿದರು. ನಾನು ಮಾಡಿದ್ದು ಸಿಮೆಟ್ರಿ ಗೇಟಿನ ಬೀಗ ತೆಗೆಸಿದ್ದಷ್ಟೇ. ನಾನಲ್ಲ ಎನ್ನಲು ಅರ್ಧ ನಿಮಿಷ ಸಾಕಿತ್ತು. ಚಪ್ಪಾಳೆ ಬಿದ್ದ ಕೂಡಲೇ ತಲೆ ತಾನಾಗಿ ಬಾಗಿತು, ಭಾರಿ ವಿನಯವಂತನ ಹಾಗೆ.

ಬಳಿಯುವವಳು ನಂದಿದುರ್ಗ ಗಣಿಯ ಲೈನ್‌ಮನೆಗಳ ಮಂಗಮ್ಮ. ಗಂಡ ಗಣಿಯಲ್ಲಿ ತೀರಿಕೊಂಡವನು. ಆಕೆ ಬಕೆಟ್ ಹಿಡಿದು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವತ್ತು ಕೊನೆಯ ಬೆಂಚಿನಲ್ಲಿ ಕೂತು ಆಕೆಯೂ ಚಪ್ಪಾಳೆ ತಟ್ಟಿದಳು.

ಮನಸ್ಸು ತಡೆಯದೆ ಮಂಗಳವಾರ ಶಾಲು ಹಿಡಿದು ಆಕೆಯ ಮನೆಗೆ ಹೋದೆ. ತಪ್ಪಾಯಿತಮ್ಮ ಎಂದೆ. ನಕ್ಕುಬಿಟ್ಟಳು.

"ನಂಗ್ಯಾಕ್ ಸಾಮಿ ಶಾಲು? ಸುಣ್ಣ ಮೆತ್ಕೊಂಡು ಆಳಾಗೋತದೆ. ನಿಮ್ಗೇ ಒಪ್ತದೆ, ಇಕ್ಕೊಳಿ."

ಯಾವ ಯಾವ ಸಮಾಧಿ ಎಂದು ಬರೆದುಕೊಳ್ಳುತ್ತೇನೆ, ತೋರಿಸು ಎಂದು ಕರೆದುಕೊಂಡು ಹೋದೆ. ನಡೆಯುತ್ತ ಹೇಳಿದಳು: "ಅಬ್ಬದ್ ಮುಂಚಿನ್ ದಿನ ಸಂಜೆಗಂಟ ನೋಡ್ತೀನಿ ಸಾಮಿ. ಯಾರೂ ಬರ್ನಿಲ್ಲ ಅಂದ್ರೆ ನಾನೇ ಬಳ್ದುಬಿಡ್ತೀನಿ. ನಂಗೆ ಓದಾಕ್ ಬರಲ್ಲ, ಅವ್ರ ಎಸ್ರು ಗೊತ್ತಿಲ್ಲ." ಒಟ್ಟು ಮೂವತ್ತೊಂದು ಸಮಾಧಿ ತೋರಿಸಿದಳು.

ಪಾಸ್ಟರಿಗೆ ನಿಜವನ್ನು ಬರೆದುಕೊಟ್ಟಿದ್ದೇನೆ. ನಾಡಿದ್ದು ಭಾನುವಾರ ಅದನ್ನು ಸಭೆಯ ಮುಂದೆ ನಾನೇ ಓದಬೇಕು. ನನಗಾಗಿ ಪ್ರಾರ್ಥಿಸು.

ಕರ್ತನ ಕೃಪೆ ನಿಮ್ಮ ಮನೆಯ ಮೇಲಿರಲಿ. ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ತಮ್ಮ,
ಸುಧಾಕರ

ಮರುಬರಹ: ಅಕ್ಕ, ಪಾಸ್ಟರಿಗೆ ಕೊಟ್ಟ ಕಾಗದದಲ್ಲಿ ನಾನು ಮೂವತ್ತು ಎಂದು ಬರೆದಿದ್ದೇನೆ. ಮೂವತ್ತೊಂದನೆಯದು ಬೇವಿನ ಮರದ ಪಕ್ಕದ್ದು. ಮಂಗಮ್ಮ ಅಲ್ಲಿ ಕೂತು ಸೆರಗಿನಿಂದ ಕಲ್ಲು ಒರೆಸುತ್ತ, "ಪಾಪ, ಈ ತಾಯ್ಗೂ ಯಾರೂ ಇಲ್ಲ ಸಾಮಿ. ಎಂಟ್ ವರ್ಸದಿಂದ ನಾನೇ ಬಳೀತಿವ್ನಿ" ಎಂದಳು. ಅದು ನಮ್ಮ ಅಮ್ಮನ ಸಮಾಧಿ. ನಾನು ಹಬ್ಬದ ಬೆಳಿಗ್ಗೆ ಹೋಗುವಷ್ಟರಲ್ಲಿ ಬೆಳ್ಳಗಿರುತ್ತಿತ್ತು. ಬಂಗಾರಪೇಟೆಯಿಂದ ಚಿಕ್ಕಪ್ಪನ ಮನೆಯವರು ಬಂದು ಬಳಿದಿರಬೇಕೆಂದುಕೊಂಡು, ಫೋಟೊ ತೆಗೆದು, ನಾನೇ ಬಳಿದೆನೆಂದು ನಿನಗೆ ಕಳಿಸುತ್ತಿದ್ದೆ. ಮಂಗಳವಾರ ಆಕೆ ಕಲ್ಲು ಒರೆಸಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಇದು ನನ್ನ ಅಮ್ಮನ ಸಮಾಧಿ ಎಂದು ಹೇಳಲಿಲ್ಲ.